ಗಾಡಿ ನೆತ್ತಿಯ ಟೆಂಟೋ, ನೆಲದ ಟೆಂಟೋ?

ನನ್ನ ಓಟು ನೆಲದ ಟೆಂಟಿಗೆ. ಆದರೆ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ ದುಡ್ಡು ಸುರಿದು ನಾನು ಬಾಡಿಗೆಗೆ ಹಿಡಿದದ್ದು ನೆತ್ತಿ ಮೇಲೆ ಟೆಂಟ್ ಹೊತ್ತ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಇರೋ ಗಾಡಿ. ಜೊತೆಗೆ ಬಂದಿದ್ದ ಗೆಳೆಯ ದಂಪತಿ ಸಣ್ಣ ಕಾರು ಹಿಡಿದು, ಬೆಂಗಳೂರಿಂದ ತಂದ ಟೆಂಟನ್ನು ಡಿಕ್ಕಿಗೆ ಹಾಕಿಕೊಂಡರು. ‘ರಾತ್ರಿ ಏನಾದ್ರೂ ಬಂದ್ರೆ ಕೂಗ್ರಪ್ಪಾ’ ಅಂತ ಚುಡಾಯಿಸಿದ್ದೂ ನಾನೇ.

ನಮೀಬ್ ಮರುಭೂಮಿಯ ಪಾರ್ಕಿಗೆ ಒಳಹೋಗೋ ಗೇಟಿರುವ ಸೆಸ್ರಿಯೆಮ್‌ನಲ್ಲಿ ಜಂಬ ಇಳಿಯಿತು. ಅಲ್ಲಿ ಗೇಟಿನ ಒಳಗಿನ ಕ್ಯಾಂಪಲ್ಲಿ ಉಳಿದವರನ್ನು ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ಬಿಡ್ತಾರೆ. 45 ಕಿ.ಮೀ. ಓಡಿಸಿದರೆ ‘ಡ್ಯೂನ್ 45’ ಮರಳುದಿಬ್ಬ. ಅದರ ಮೇಲಿಂದ ಸೂರ್ಯ ಹುಟ್ಟೋದು ನೋಡಬೇಕು ಅನ್ನೋದೇ ನಮ್ಮ ಆಸೆ. ಆದರೆ ನಮ್ಮ ಮನೆ ಗಾಡಿ ತಲೆ ಮೇಲಿತ್ತಲ್ಲ! ಅದನ್ನು ಮಡಚದೆ ಗಾಡಿ ಅಲುಗಾಡಿಸೋ ಹಾಗಿಲ್ಲ.

ಜುಲೈ ಚಳಿ, ಕಗ್ಗತ್ತಲು. ಹೊದಿಕೆ ಕೆಳಗಿಳಿಸಿ, ಏಣಿಯನ್ನೇ ಸನ್ನೆಕೋಲು ಮಾಡಿ ಟೆಂಟನ್ನು ಮಡಚಿ, ಹೊರಗೆ ಉಳಿದ ಬಟ್ಟೆ ಒಳಗೆ ತುರುಕಿ, ಮೇಲ್ಗವಸಿನ ಜಿಪ್ ಎಳೆಯಬೇಕು. ಮೂಲೆಯಲ್ಲಿ ಮರಳು ಕೂತು ಜಿಪ್ ಕಚ್ಕೊಂಡಿತು. ನಾನು ಟೈರ್ ಮೇಲೆ ಹತ್ತಿ ಎಳೆಯೋದು, ಹೆಂಡತಿ ಕೆಳಗಿಂದ ಗುದ್ದಿ ಗುದ್ದಿ ತುರುಕೋದು; 35 ನಿಮಿಷ ಹೋಯ್ತು. ಗೆಳೆಯ ಟೆಂಟ್ ಜಿಪ್ ಸರ್ರನೆ ಎಳೆದು, ಅದನ್ನು ಅಲ್ಲೇ ಬಿಟ್ಟು ಎಂದೋ ಹೊರಟಾಗಿತ್ತು. ನಾವು ದಿಬ್ಬದ ಬುಡ ಮುಟ್ಟೋ ಹೊತ್ತಿಗೆ ಬಿಸಿಲು ಅರ್ಧ ದಿಬ್ಬ ಇಳಿದಿತ್ತು. ಸಂಜೆ ಬಂದು ಮತ್ತೆ ಅದೇ ಟೆಂಟ್ ಬಿಚ್ಚೋದು. ಮರುದಿನ ಮತ್ತೆ ಅದೇ ಜಿಪ್ಪು.

ಅದೇ ರಸ್ತೆಯ ತುದಿಗೆ, ಮರಳುದಿಬ್ಬಗಳ ನಡುವೆ ಇರೋ ಬಯಲು ಸೊಸ್ಸುಸ್‌ವ್ಲೇಗೆ ಕೊನೆಯ 5 ಕಿ.ಮೀ. ಬರೀ ಮರಳು, ಅಲ್ಲಿ ಮಾತ್ರ ನಮ್ಮ ಗಾಡಿ ಮರ್ಯಾದೆ ಉಳಿಸಿತು. ಅಷ್ಟಕ್ಕೆ ಶಟಲ್ ಗಾಡಿಯೂ ಸಿಗುತ್ತೆ ಅನ್ನಿ. ನಡುರಾತ್ರಿ ಮೂತ್ರಕ್ಕೆ ಏಣಿ ಇಳಿಯೋ ಕಷ್ಟ ನಲವತ್ತು ದಾಟಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಎಟೋಷಾ ವನ್ಯಜೀವಿ ಪಾರ್ಕಿಗೆ ಹೋಗೋ ಮೊದಲು ಗೆಳೆಯನ ಹತ್ತಿರ ಬೇಡಿ ಅದಲುಬದಲು ಮಾಡಿಕೊಂಡೆ. ಅಲ್ಲಿನ ಓಕಾಕ್ವೆಯೋ ಕ್ಯಾಂಪಿನ ನೆಲ ಕಲ್ಲು. ಎರಡು ಗೂಟ ಬಾಗಿದವು, ಒಂದು ಹಗ್ಗ ಕಾರಿನ ಚಕ್ರಕ್ಕೇ ಕಟ್ಟಿದ್ದಾಯ್ತು. ತೆಳ್ಳನೆ ಮ್ಯಾಟಲ್ಲಿ ಸೊಂಟ ಹಿಡ್ಕೊಂಡಿದ್ದೂ ನಿಜ. ಹೊರಗೆ ಬಿಟ್ಟ ಚಪ್ಪಲಿಯೊಂದನ್ನು ಗುಳ್ಳೆನರಿ ಕಚ್ಕೊಂಡು ಹೋಯ್ತು. ಆದರೂ ಕ್ಯಾಂಪಿಗೆ ಬೇಲಿ ಇದೆ, ಅದರಾಚೆ ದೀಪ ಹಾಕಿದ ನೀರುಗುಂಡಿ ಇದೆ. ರಾತ್ರಿ ಎಚ್ಚರ ಆದಾಗ ಎದ್ದು ಹೋದರೆ ಕಪ್ಪು ಘೇಂಡಾಮೃಗ ಮರಿ ಜೊತೆ ನೀರು ಕುಡೀತಾ ನಿಂತಿತ್ತು. ಬೆಳಿಗ್ಗೆ ಟೆಂಟ್ ಅಲ್ಲೇ ಬಿಟ್ಟು, ಗೇಟು ತೆಗೆದ ಕೂಡಲೇ ಹೊರಟೆವು. ಜಲ್ಲಿ ರಸ್ತೆಗೆ ಸಣ್ಣ ಕಾರೇ ಸಾಕಾಯ್ತು. ಬಾಡಿಗೆಯೂ ಎಷ್ಟೋ ಕಡಿಮೆ.

ಬೋಟ್ಸ್ವಾನಾದ ಮೊರೆಮಿ ವನ್ಯಧಾಮದಂಥ ಬೇಲಿ ಇಲ್ಲದ ಕಡೆಗೆ ಹೋದರೆ ನಾನೂ ಏಣಿ ಹತ್ತೋನೇ. ದಿನಕ್ಕೊಂದು ಊರು ಬದಲಿಸುವವರಿಗೂ ನೆತ್ತಿ ಟೆಂಟೇ ವಾಸಿ, ಹೇಗೂ ದಿನಾ ಬಿಚ್ಚಿ ಕಟ್ಟಲೇಬೇಕು. ನಾವು ಒಂದೇ ಕಡೆ ಮೂರು ರಾತ್ರಿ ಕೂರೋ ಜನ. ಮುಂದಿನ ಸಲಕ್ಕೆ ದಪ್ಪ ಮ್ಯಾಟೊಂದು, ಉಕ್ಕಿನ ಗೂಟ ಹತ್ತು ಆಗಲೇ ತಂದಿಟ್ಟಿದ್ದೀನಿ. ಚಪ್ಪಲಿ ಟೆಂಟ್ ಒಳಗೆ.