ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್: ಕುತ್ತಿಗೆ ಬಿಟ್ಟು ಹಿಂಗಾಲು ನೋಡಿ

ಕಲೆಕ್ಷನ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಸಿನಿಮಾದ ಗಲ್ಲಾಪೆಟ್ಟಿಗೆ, ಅಲ್ವಾ? ಡ್ರೆಸಾಜ್, ಅಂದರೆ ಕುದುರೆಯನ್ನು ಹದವಾದ ನಡೆಗೆ ಪಳಗಿಸುವ ಸವಾರಿ ವಿದ್ಯೆ, ಕಲಿಯುವವರಿಗೆ ಅದು ಬೇರೆ. ಕುದುರೆ ಹಿಂಗಾಲನ್ನು ಹೊಟ್ಟೆಯಡಿಗೆ ತಂದು, ಪೃಷ್ಠ ತಗ್ಗಿಸಿ, ಭಾರವನ್ನು ಹಿಂದೆ ಹೊತ್ತು ನಡೆಯುವುದು. ನಾನು ಸವಾರಿ ಕಲಿತ ಜಾಗದಲ್ಲಿ (ಹೆಸರು ಬೇಡ ಬಿಡಿ) ಇದಕ್ಕೆ ಒಂದೇ ಪಾಠ: ಲಗಾಮು ಎಳಿ, ತಲೆ ಬಗ್ಗಿಸು. ಕುತ್ತಿಗೆ ಬಿಲ್ಲಿನ ಹಾಗೆ ಬಾಗುತ್ತಿತ್ತು, ನಾನು ಹಿಗ್ಗುತ್ತಿದ್ದೆ, ಹಿಂಗಾಲು ಮಾತ್ರ ಎಲ್ಲೋ ಹಿಂದೆ ಕಾಲೆಳೆದುಕೊಂಡು ಬರುತ್ತಿತ್ತು.

ಹಾಗಾಗಿ ವಿಯೆನ್ನಾದ ಹೆಸರಾಂತ ಕುದುರೆ ಸವಾರಿ ಶಾಲೆ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ದೊಡ್ಡ ಪ್ರದರ್ಶನ ಬಿಟ್ಟು ಬೆಳಗಿನ ಅಭ್ಯಾಸದ ಟಿಕೆಟ್ ತಗೊಂಡೆ. ಒಳ್ಳೆಯದೇ ಆಯಿತು.

1735ರಲ್ಲಿ ಮುಗಿದ ಹಾಲ್ ಅದು. ಬಿಳಿ ಗೋಡೆ, 46 ಕಂಬ, ತೂಗುದೀಪಗಳು, ನೆಲಕ್ಕೆ ಮಾತ್ರ ಮರಳು. ಒಳಗೆ ಬರುವ ಸವಾರರು ಅದನ್ನು ಕಟ್ಟಿಸಿದ ಚಕ್ರವರ್ತಿ 6ನೇ ಚಾರ್ಲ್ಸ್ ಚಿತ್ರಕ್ಕೆ ಟೋಪಿ ತೆಗೆಯುತ್ತಾರೆ. ನಮ್ಮ ಗರಡಿಯಲ್ಲಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನೆನಪಾಯಿತು.

ಆಮೇಲೆ ಸುಮಾರು ಹೊತ್ತು ಸುಮ್ನೆ ನಡಿಗೆ, ಟ್ರಾಟ್ (ಕುಕ್ಕುಲೋಟ), ತಿರುವು. ನನ್ನ ಪಕ್ಕದವರು ಆಕಳಿಸಿದರು. ನನಗೆ ಮಜಾ ಅಲ್ಲೇ ಇತ್ತು. ಇಲ್ಲಿನ ಕುದುರೆಗಳ ತಳಿ ಲಿಪಿಜಾನರ್; ಅದರ ಮರಿಗಳು ಹುಟ್ಟುವಾಗ ಕಪ್ಪು ಇಲ್ಲವೇ ಕಂದು, ಬೆಳ್ಳಗಾಗಲು 6ರಿಂದ 10 ವರ್ಷ ಬೇಕು, ಹಾಗಾಗಿ ಬೂದು ಬಣ್ಣದ್ದು ಬಂತು ಅಂದ್ರೆ ಅದಿನ್ನೂ ಹುಡುಗ ಅಂತ ಲೆಕ್ಕ. ಅದರಿಂದ ಯಾರೂ ಏನೂ ವಿಶೇಷ ಕೇಳಲಿಲ್ಲ. ನೆಟ್ಟಗೆ, ಒಂದೇ ಲಯದಲ್ಲಿ, ಮುಂದಕ್ಕೆ ಹೋಗು, ಅಷ್ಟೇ.

ಆಮೇಲೆ ಒಂದು ಹಾಲುಬಿಳುಪಿನ ಹಳೆಯ ಕುದುರೆ ಪಿಯಾಫ್ ಶುರು ಮಾಡಿತು, ಅಂದರೆ ನಿಂತಲ್ಲೇ ಟ್ರಾಟ್. ನಾನು ಕುತ್ತಿಗೆ ನೋಡಲೇ ಇಲ್ಲ. ಹಿಂಗಾಲಿನ ಕೀಲುಗಳು ಸ್ಪ್ರಿಂಗಿನ ಹಾಗೆ ಮಡಚಿ ಏಳುತ್ತಿದ್ದವು, ಪೃಷ್ಠ ಕೆಳಗಿಳಿದಿತ್ತು, ಭುಜ ಹಗುರಾಗಿ ಮೇಲೆದ್ದಿತ್ತು, ಸವಾರನ ಕೈ ಮಾತ್ರ ಕಾಫಿ ಲೋಟ ಹಿಡಿದಷ್ಟೇ ಮೆತ್ತಗಿತ್ತು! ಸುಮ್ಮನೆ ನಿಂತ ಕುದುರೆಯ ಸುಮಾರು 60 ಶೇಕಡ ಭಾರ ಮುಂಗಾಲ ಮೇಲಿರುತ್ತದೆ. ಅದನ್ನು ಹಿಂದಕ್ಕೆ ಸಾಗಿಸುವುದು ಅಂದರೆ ಬೆನ್ನ ಮೇಲೆ ಒಬ್ಬರನ್ನು ಕೂರಿಸಿಕೊಂಡು ಅರ್ಧ ಬಸ್ಕಿಯಲ್ಲಿ ನಡೆದ ಹಾಗೆ. ತೊಡೆಗೆ ಕಸುವು ಬರದೆ ಆಗುವ ಕೆಲಸವೇ ಅಲ್ಲ, ಲಗಾಮು ಎಳೆದರೆ ಕಸುವು ಎಲ್ಲಿಂದ ಬರುತ್ತದೆ? ಜರ್ಮನ್ ತರಬೇತಿ ಕ್ರಮದ 6 ಮೆಟ್ಟಿಲುಗಳಲ್ಲಿ ಕಲೆಕ್ಷನ್ ಕೊನೆಯದು. ನಾನು ಮೊದಲನೆಯ ತಿಂಗಳೇ ಅಲ್ಲಿಗೆ ಜಿಗಿದಿದ್ದೆ.

ಪಿಯಾಫ್ ಮುಗಿದ ಕೂಡಲೇ ಸವಾರ ಕೋಟಿನ ಹಿಂದಿನ ಜೇಬಿನಿಂದ ಸಕ್ಕರೆ ತೆಗೆದು ಕೊಟ್ಟ. ನಾಲ್ಕು ಹೆಜ್ಜೆ ಚೆನ್ನಾಗಿ ಬಂದರೆ ಸಾಕು, ಬಿಟ್ಟುಬಿಡುತ್ತಾರೆ.

ಸವಾರಿ ಕಲಿಯುವವರಿಗೆ 5ಕ್ಕೆ 5. ಮಕ್ಕಳ ಜೊತೆ ಹೋಗುವುದಾದರೆ ಮಾತ್ರ ಪ್ರದರ್ಶನದ ಟಿಕೆಟ್ಟೇ ತಗೊಳ್ಳಿ, ಕುದುರೆ ಗಾಳಿಗೆ ಹಾರಿ ಹಿಂಗಾಲು ಝಾಡಿಸುವ ಕಾಪ್ರಿಯೋಲ್ ನೋಡಬೇಕಾದ್ದು ಅಲ್ಲೇ. ಫೋಟೊ ತೆಗೆಯಲು ಬಿಡುವುದಿಲ್ಲ, ಫೋನ್ ಚೀಲದಲ್ಲೇ ಇರಲಿ.