ಫ್ಯಾಮಿಲಿ ಮೆಡಿಸಿನ್ನಾ, ಕಾರ್ಡಿಯಾಲಜಿಯಾ?

ಎಂಬಿಬಿಎಸ್ ಮುಗಿಸಿ ಮಡಿಕೇರಿಯಲ್ಲಿ ಕೂತು ಯೋಚಿಸುತ್ತಿದ್ದೀರಾ? ಕಾರ್ಡಿಯಾಲಜಿಗೆ ಮೊದಲು ಎಂಡಿ 3 ವರ್ಷ, ಅದರ ಮೇಲೆ ಡಿಎಂ ಅನ್ನೋ ಸೂಪರ್ ಸ್ಪೆಷಾಲಿಟಿ ಕೋರ್ಸ್ 3 ವರ್ಷ. ಮನೆಮಂದಿಯನ್ನೆಲ್ಲ ನೋಡುವ ಫ್ಯಾಮಿಲಿ ಮೆಡಿಸಿನ್‌ನ ಡಿಎನ್‌ಬಿ (ಎಂಡಿ ತರಹದ್ದೇ ಪಿಜಿ ಕೋರ್ಸ್) 3 ವರ್ಷಕ್ಕೇ ಮುಗಿಯುತ್ತದೆ. ದುಡ್ಡು, ಹೆಸರು ಕಾರ್ಡಿಯಾಲಜಿಯಲ್ಲೇ ಜಾಸ್ತಿ, ಸುಮ್ನೆ ಸುಳ್ಳು ಯಾಕೆ? ಆದರೆ ಕ್ಯಾಥ್ ಲ್ಯಾಬ್ (ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕುವ ಕೋಣೆ) ಇರುವ ಊರಿಗೇ ಅಂಟಿಕೊಳ್ಳಬೇಕು.

ಸೋಮವಾರಪೇಟೆ ಕಡೆಯ ಒಂದು ಸಣ್ಣ ಕ್ಲಿನಿಕ್ ಅಂದುಕೊಳ್ಳಿ. ಹೊರಗೆ ಆಷಾಢದ ಮಳೆ. ತೋಟದ ಲೈನ್ ಮನೆಯಿಂದ ಬಂದ ಅಜ್ಜಿಗೆ ಬಿಪಿ, ಶುಗರ್. ಸೊಸೆ ಆರು ತಿಂಗಳ ಬಸುರಿ. ಮಗುವಿಗೆ ಗೊರಗೊರ ಕೆಮ್ಮು. ಒಂದೇ ಬೆಂಚು, ಒಬ್ಬರೇ ಡಾಕ್ಟರ್. ಅದಕ್ಕೇ ಫ್ಯಾಮಿಲಿ ಮೆಡಿಸಿನ್ ತರಬೇತಿಯಲ್ಲಿ ಮಕ್ಕಳ ವಿಭಾಗ, ಹೆರಿಗೆ, ಸರ್ಜರಿ ಎಲ್ಲವನ್ನೂ ಸುತ್ತಿಸುತ್ತಾರೆ.

ಒಂದೇ ವಿಷಯದ ಆಳಕ್ಕಿಳಿಯುವ ಹುಚ್ಚಿದ್ದರೆ ಕಾರ್ಡಿಯಾಲಜಿಯೇ ಸರಿ. ಅಜ್ಜಿ ಮಾತ್ರೆ ಯಾಕೆ ಬಿಟ್ಟರು ಅಂತ ಕೇಳುವ ಕುತೂಹಲವಿದ್ದರೆ, ನನ್ನ ಓಟು ಫ್ಯಾಮಿಲಿ ಮೆಡಿಸಿನ್‌ಗೆ.