ಅಗ್ಗದ ಕ್ಷೌರದ ಕತ್ತಿ: ‘ಮಸೆದರೆ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿ

ಬಳ್ಳಾರಿಯ ಪೇಟೆಯಲ್ಲಿ ನಾನೂರು ರೂಪಾಯಿಯ ಆಸುಪಾಸಿನಲ್ಲಿ ಮಡಚುವ ಕ್ಷೌರದ ಕತ್ತಿಗಳು ಮಾರಾಟವಾಗುತ್ತಿವೆ. ಇವು ಸಲೂನಿನಲ್ಲಿ ಅರ್ಧ ಬ್ಲೇಡು ಸಿಕ್ಕಿಸಿ ಬಳಸುವ ಕತ್ತಿಗಳಲ್ಲ. ಅಲಗನ್ನೇ ಸಾಣೆಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಗೆ ತೀಡಿ ಬಳಸುವ ಹಳೆಯ ಬಗೆಯವು. ಅಂಥದ್ದೊಂದನ್ನು ಕೊಂಡು, ಗದ್ದದ ಕೆಳಗೆ ಗಾಯ ಮಾಡಿಕೊಂಡು, ಕೊನೆಗೆ ಅದನ್ನು ಮೂಲೆಗೆ ಹಾಕಬೇಕಾಗಿ ಬಂದ ನಾನು, ಇಂಥ ಕತ್ತಿಯನ್ನು ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಏನನ್ನು ನೋಡಬೇಕು ಎಂಬುದನ್ನು ವಿವರವಾಗಿ ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯವರು ಎರಡು ಪರೀಕ್ಷೆಗಳನ್ನು ಮಾಡಿ ತೋರಿಸಿದರು. ಮೊದಲನೆಯದು ಅಯಸ್ಕಾಂತದ್ದು. ಅಲಗು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿಕೊಂಡಿತು. ‘ಅಪ್ಪಟ ಉಕ್ಕು, ನೋಡಿ ಸರ್’ ಎಂದರು. ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಮೆದು ಕಬ್ಬಿಣವೂ ಅಂಟಿಕೊಳ್ಳುತ್ತದೆ. ಚಮಚ, ಚಾಕು ತಯಾರಿಸುವ ಕಡಿಮೆ ಇಂಗಾಲದ 420 ದರ್ಜೆಯ ಸ್ಟೇನ್‌ಲೆಸ್ ಉಕ್ಕೂ ಅಂಟಿಕೊಳ್ಳುತ್ತದೆ. ಎರಡನೆಯದು ಕಾಗದ ಕತ್ತರಿಸುವುದು. ದಿನಪತ್ರಿಕೆಯ ಹಾಳೆಯನ್ನು ಕತ್ತಿ ಸರ‍್ರೆಂದು ಸೀಳಿತು. ಆದರೆ ಒರಟು ಕಲ್ಲಿನ ಮೇಲೆ ತಿಕ್ಕಿದ, ಗರಗಸದಂತೆ ಸಣ್ಣ ಹಲ್ಲುಗಳಿರುವ ಅಂಚು ಕಾಗದವನ್ನು ಚೆನ್ನಾಗಿಯೇ ಕತ್ತರಿಸುತ್ತದೆ. ಅದೇ ಅಂಚು ಗಡ್ಡದ ಕೂದಲನ್ನು ಕತ್ತರಿಸದೆ ಹಿಡಿದೆಳೆಯುತ್ತದೆ. ಅಂಚು ಸ್ವಲ್ಪ ಒರಟಾಗಿದೆಯಲ್ಲ ಎಂದು ಕೇಳಿದಾಗ ಬಂದ ಉತ್ತರ ಒಂದೇ: ‘ಮಸೆದರೆ ಸರಿಹೋಗುತ್ತದೆ.’

ಮಸೆದರೆ ಸರಿಹೋಗುವುದು ಅಂಚಿನ ಒರಟುತನ ಮಾತ್ರ. ಅಲಗಿನ ಆಕಾರ ಕೆಟ್ಟಿದ್ದರೆ, ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡುವ ಹದ ಸಾಲದಿದ್ದರೆ, ಜಗತ್ತಿನ ಯಾವ ಕಲ್ಲೂ ಅದನ್ನು ಸರಿಪಡಿಸಲಾರದು. ನನ್ನ ಕತ್ತಿಯಲ್ಲಿ ಈ ಎರಡು ದೋಷಗಳೂ ಇದ್ದವು.

1000 ಗ್ರಿಟ್ಟಿನ ಕಲ್ಲಿನಿಂದ ಆರಂಭಿಸಿ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) 8000 ಗ್ರಿಟ್ಟಿನವರೆಗೆ ತಾಳ್ಮೆಯಿಂದ ಮಸೆದ ಮೇಲೆಯೂ ಅಲಗಿನ ಎರಡು ತುದಿಗಳು ಮಾತ್ರ ಹರಿತವಾಗಿ, ನಡುಭಾಗ ಮೊಂಡಾಗಿಯೇ ಉಳಿಯಿತು. ಕಾರಣ ತಿಳಿಯಲು ಕಿಟಕಿಯ ದಪ್ಪ ಗಾಜಿನ ತುಂಡೊಂದನ್ನು ಮೇಜಿನ ಮೇಲಿಟ್ಟು, ಅಲಗಿನ ಬೆನ್ನು ಮತ್ತು ಬಾಯಿ (ಹರಿತದ ಅಂಚು) ಎರಡೂ ಗಾಜಿಗೆ ತಾಗುವಂತೆ ಅದನ್ನು ಮಲಗಿಸಿದೆ. ಹಿಂಬದಿಯಿಂದ ಮೊಬೈಲಿನ ಬೆಳಕು ಹಾಯಿಸಿದಾಗ ನಡುವೆ ಕೂದಲೆಳೆಗಿಂತ ದಪ್ಪನೆಯ ಬೆಳಕಿನ ಗೆರೆ ಕಂಡಿತು. ಮಗ್ಗುಲು ಬದಲಿಸಿ ಮಲಗಿಸಿ, ಬುಡದ ಕಡೆ ಬೆರಳಿನಿಂದ ಮೆಲ್ಲನೆ ಒತ್ತಿದರೆ ತುದಿ ಮೇಲೇಳುತ್ತಿತ್ತು. ತುದಿಯನ್ನು ಒತ್ತಿದರೆ ಬುಡ ಏಳುತ್ತಿತ್ತು. ಅಲಗು ಉದ್ದಕ್ಕೂ ಬಾಗಿಕೊಂಡಿತ್ತು. ಅಂಚಿಗೆ ಕಪ್ಪು ಮಾರ್ಕರ್ ಶಾಯಿ ಬಳಿದು ಕಲ್ಲಿನ ಮೇಲೆ ನಾಲ್ಕು ಸಲ ಎಳೆದಾಗ, ಒಂದು ಮಗ್ಗುಲಿನ ತುದಿಗಳಲ್ಲಿ ಶಾಯಿ ಅಳಿಸಿ, ನಡುವೆ ಹಾಗೆಯೇ ಉಳಿಯಿತು. ಉಕ್ಕನ್ನು ಕಾಯಿಸಿ ತಣಿಸುವಾಗ ತೆಳು ಅಲಗು ಹೀಗೆ ಬಾಗುವುದುಂಟು. ಕಾಳಜಿಯುಳ್ಳ ತಯಾರಕರು ಅಂಥದ್ದನ್ನು ನೇರ ಮಾಡುತ್ತಾರೆ ಅಥವಾ ಎಸೆಯುತ್ತಾರೆ. ಅಗ್ಗದ ಮಾಲಿನಲ್ಲಿ ಅದಕ್ಕೇ ಹೊಳಪು ಕೊಟ್ಟು ಡಬ್ಬಿಗೆ ಹಾಕುತ್ತಾರೆ.

ಆಕಾರದ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅಡುಗೆಮನೆಯ ಚಾಕುವನ್ನು ಮಸೆಯುವಾಗ ಕೋನವನ್ನು ಕೈ ನಿರ್ಧರಿಸುತ್ತದೆ. ಕ್ಷೌರದ ಕತ್ತಿಯಲ್ಲಿ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಿರುವುದರಿಂದ, ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. ಅಲಗು 21 ಮಿಲಿಮೀಟರ್ ಅಗಲವಿದ್ದು ಬೆನ್ನು 6 ಮಿಲಿಮೀಟರ್ ದಪ್ಪವಿದ್ದರೆ ಅಂಚಿನ ಕೋನ ಸುಮಾರು 16 ಡಿಗ್ರಿ ಆಗುತ್ತದೆ, ಅದು ಕ್ಷೌರಕ್ಕೆ ಹದವಾದದ್ದು. ನನ್ನ ಕತ್ತಿಯ ಅಗಲ 18 ಮಿಲಿಮೀಟರ್, ಬೆನ್ನು ಬರೀ 4 ಮಿಲಿಮೀಟರ್; ಅಂದರೆ ಕೋನ 13 ಡಿಗ್ರಿಗಿಂತಲೂ ಕಡಿಮೆ. ಅಷ್ಟು ತೆಳುವಾದ ಅಂಚು ನಿಲ್ಲಬೇಕಾದರೆ ಉಕ್ಕು ಬಹಳ ಗಟ್ಟಿಯಾಗಿರಬೇಕು. ಒಳ್ಳೆಯ ಕತ್ತಿಗಳಿಗೆ ಸುಮಾರು ಶೇಕಡಾ 1ರಷ್ಟು ಇಂಗಾಲವಿರುವ ಉಕ್ಕನ್ನು ಬಳಸಿ, ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ 60ರ ಆಸುಪಾಸಿಗೆ ಹದ ಹಾಕುತ್ತಾರೆ. ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಇಂಗಾಲ ಹೆಚ್ಚಿರುವ ಉತ್ತಮ ಸ್ಟೇನ್‌ಲೆಸ್ ಕತ್ತಿಗಳೂ ಇವೆ. ಆದರೆ ಅಗ್ಗದ ಚಾಕುವಿನ ಉಕ್ಕು ಆ ಗಡಸುತನವನ್ನು ಮುಟ್ಟುವುದಿಲ್ಲ. ನನ್ನ ಕತ್ತಿಯ ಅಂಚು ಚರ್ಮದ ಪಟ್ಟಿಗೆ ತೀಡುವಾಗಲೇ ಒಂದು ಬದಿಗೆ ಮಡಚಿಕೊಳ್ಳುತ್ತಿತ್ತು. ಕೂದಲನ್ನು ಎಳೆದಾಡುವ ಕತ್ತಿಗೆ ಕೈ ತಾನಾಗಿಯೇ ಒತ್ತಡ ಕೊಡುತ್ತದೆ. ಗದ್ದದ ಕೆಳಗಿನ ಗಾಯವಾದದ್ದು ಹಾಗೆ.

ನಮ್ಮ ಓಣಿಯಲ್ಲಿ ಬಹಳ ವರ್ಷ ಕ್ಷೌರದಂಗಡಿ ನಡೆಸಿದ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಅಂಚನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು, ‘ಇದಕ್ಕ ಹದಾನೇ ಇಲ್ಲಪ್ಪ. ಕಲ್ಲಿಗೆ ಹಚ್ಚಿದಂಗೆಲ್ಲ ಸವೀತೈತಿ, ಬಾಯಿ ಮಾತ್ರ ನಿಲ್ಲಂಗಿಲ್ಲ’ ಎಂದರು. ಆಮೇಲೆ ಕತ್ತಿಯನ್ನು ಮಡಚಿ ಹಿಡಿಯ ಕಡೆಯಿಂದ ನೋಡಲು ಹೇಳಿದರು. ಅಲಗು ಹಿಡಿಯ ನಡುವೆ ಕೂರದೆ ಒಂದು ಬದಿಯ ಪ್ಲಾಸ್ಟಿಕ್ಕಿಗೆ ತಾಗಿ, ಒಳಗೆ ಗೀರು ಬಿದ್ದಿತ್ತು. ಹೀಗಿದ್ದರೆ ಪ್ರತಿ ಸಲ ಮಡಚಿದಾಗಲೂ ಅಂಚು ಹಾಳಾಗುತ್ತದೆ. ಕೀಲಿನ ಮೊಳೆ ಸಡಿಲವಾಗಿದ್ದರಂತೂ ಮುಖದ ಮೇಲೆ ಅಲಗು ಅಲುಗಾಡುವ ಅಪಾಯವಿದೆ. ಇದನ್ನು ನೋಡಲು ಯಾವ ಸಲಕರಣೆಯೂ ಬೇಡ, ಅಂಗಡಿಯಲ್ಲಿಯೇ ನೋಡಬಹುದು.

ಅಲಗಿನ ಮೇಲಿನ ‘ಜರ್ಮನ್ ಸ್ಟೀಲ್’ ಎಂಬ ಬರಹಕ್ಕೆ ಬೆಲೆ ಕೊಡಬೇಡಿ. ಕತ್ತಿ, ಚಾಕುಗಳಿಗೆ ಹೆಸರಾದ ಜರ್ಮನಿಯ ಸೋಲಿಂಗೆನ್ ಊರಿನ ಹೆಸರಿಗೆ ಅಲ್ಲಿ 1938ರಿಂದ ಕಾನೂನಿನ ರಕ್ಷಣೆಯಿದೆ, ಬೇರೆಡೆ ಮಾಡಿದ ಕತ್ತಿಗೆ ಅಲ್ಲಿ ಆ ಹೆಸರು ಹಾಕುವಂತಿಲ್ಲ. ‘ಜರ್ಮನ್ ಸ್ಟೀಲ್’ ಎಂಬ ಸಡಿಲ ಮಾತು ಮಾತ್ರ ಎಲ್ಲಿ ಮಾಡಿದ ಮಾಲಿನ ಮೇಲೂ ಕಾಣಿಸುತ್ತದೆ. ನನ್ನದರ ಮೇಲಿನ ಅಕ್ಷರಗಳು ಉಗುರಿನಿಂದ ಕೆರೆದರೆ ಎದ್ದು ಬಂದವು.

ಹಣ ಕಡಿಮೆಯಿದ್ದು ಇದೇ ಬಗೆಯ ಕತ್ತಿ ಬೇಕೆನ್ನುವವರಿಗೆ, ಹೊಸ ಅಗ್ಗದ ಕತ್ತಿಗಿಂತ ಒಳ್ಳೆಯ ಉಕ್ಕಿನ ಹಳೆಯ ಕತ್ತಿ ಮೇಲು ಎಂಬುದು ನನ್ನ ಅಭಿಪ್ರಾಯ. ಬೆನ್ನಿನ ಬಳಿ ತುಕ್ಕಿನ ಕಲೆಯಿದ್ದರೆ ಚಿಂತೆಯಿಲ್ಲ, ಅಂಚಿನ ಬಳಿ ತುಕ್ಕು ತಿಂದ ಗುಳಿಗಳಿದ್ದರೆ ಬೇಡ. ಬೇರೊಬ್ಬರು ಬಳಸಿದ ಕತ್ತಿಯಿಂದ ಹೆಪಟೈಟಿಸ್ ಬಿ ಹರಡಬಲ್ಲದು, ಆದ್ದರಿಂದ ಸರಿಯಾಗಿ ಸೋಂಕು ನಿವಾರಿಸದೆ ಅದನ್ನು ಮುಖಕ್ಕೆ ತಾಗಿಸಬಾರದು. ಹಳೆಯ ಕತ್ತಿಯೂ ಆಗದಿದ್ದರೆ ಬ್ಲೇಡು ಬದಲಿಸುವ ಸಲೂನಿನ ಕತ್ತಿಯೇ ಸಾಕು. ಮಸೆಯುವ ಕೆಲಸವಿಲ್ಲ, ಬೆಲೆಯೂ ಕಡಿಮೆ.

ನನ್ನ ಕತ್ತಿಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಲ್ಲಿಗೆ ಹಚ್ಚಿದ ಮೇಲೆ ಅದು ನಿಮ್ಮದೇ ಎಂದರು. ಮಸೆಯಲು ಹೇಳಿದವರೂ ಅವರೇ. ಆದ್ದರಿಂದ ಗಾಜಿನ ತುಂಡೊಂದನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ದು, ಹಣ ಕೊಡುವ ಮುನ್ನವೇ ಅಲಗನ್ನು ಮಲಗಿಸಿ ನೋಡಿ. ಅದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಕೊಂಡರೆ ಬಿಲ್ಲು ಪಡೆದು, ಅದರಲ್ಲಿ ಉಕ್ಕಿನ ಬಗೆಯನ್ನು ಅವರು ಹೇಳಿದಂತೆಯೇ ಬರೆಸಿಕೊಳ್ಳಿ. ಮುಂದೆ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಆ ಬಿಲ್ಲು ನಿಮ್ಮ ಕೈಯಲ್ಲಿರಬೇಕು.